ಬಾಚಣಿಗೆ ಗಿಡ

ಉಳದೆ ಉಳಿದದ್ದು ಇದೊಂದೇ ತುಂಡು:
ಸ್ವೀಡನ್ನಿನಿಂದ ಬಂದವರ ಗೋರಿಗಳ ನಡುವೆ
ಒಂದೂವರೆ ಎಕರೆ ಹುಲ್ಲು.
ಬೇಲಿಯಾಚೆ ನೆಬ್ರಾಸ್ಕ ಪೂರಾ ಮುಸುಕಿನ ಜೋಳ,
ಸಾಲು ತಪ್ಪದ್ದು, ಸಂದು ಬಿಡದ್ದು.

ಸತ್ತವರ ಎದೆಯ ಮೇಲೆ ಯಾರೂ ನೇಗಿಲು ಹೂಡಲಿಲ್ಲ,
ಹಾಗಾಗಿ ಬದುಕಿತು ಈ ಹೂವು.
ಒಗೆದೊಗೆದು ಮಾಸಿದಂಥ ನೇರಳೆ ಎಸಳು, ಕೆಳಗೆ ಜೋತದ್ದು;
ನಡುವೆ ಕಂದು ಚೆಂಡು, ಮೈತುಂಬ ಮುಳ್ಳು.

ನಮ್ಮವರು ಬಾಚಣಿಗೆ ಗಿಡ ಅಂದರು.
ಒಮಾಹಾ ಮಾತಿನಲ್ಲಿ ಮಿಕಾಹಿ.
ಒಣಗಿದ ಚೆಂಡು ಹಿಡಿದು ಅಜ್ಜಿ
ನನ್ನ ಸಿಕ್ಕು ಬಿಡಿಸುತ್ತಿದ್ದಳು,
ಸಿಕ್ಕಿಗಿಂತ ಮೊದಲು ಕಣ್ಣೀರು ಬಿಡುತ್ತಿತ್ತು.
ಆಮೇಲೆ ಸಮಾಧಾನಕ್ಕೆ ಎರಡು ದಂಟು ಕೊಡುವಳು:
ತಲೆಗೆ ತಲೆ ಸಿಕ್ಕಿಸಿ ಗಿರ್ರನೆ ತಿರುಗಿಸು, ಹೋಗು.

ಬೇರು ಹಲ್ಲುನೋವಿಗೆ, ಸುಟ್ಟ ಗಾಯಕ್ಕೆ.
ಹೊಗೆ, ಕುದುರೆಯ ನೆಗಡಿಗೆ.
ಅಜ್ಜಿಯ ಅಜ್ಜ ಅದರ ರಸ ಕೈಗೆ ಸವರಿಕೊಂಡು
ಕೊತಕೊತ ಕುದಿವ ಹಂಡೆಯಿಂದ
ಮಾಂಸದ ತುಂಡು ಎತ್ತುತ್ತಿದ್ದನಂತೆ.
ನಾನು ನಂಬಲಿಲ್ಲ.
ಆದರೆ ಸುಳ್ಳು ಹೇಳುವಾಗ ಅವಳ ಕಣ್ಣು ಎಡಕ್ಕೆ ಜಾರುತ್ತಿತ್ತು,
ಆವತ್ತು ಜಾರಲಿಲ್ಲ.

ಈ ಜುಲೈ, ಸ್ಕ್ರೂಡ್ರೈವರಿನಲ್ಲಿ ಅಗೆಯುತ್ತ ಕೂತಿದ್ದೆ,
ಪಕ್ಕದಲ್ಲಿ ತಂಗಿಯ ಮಗಳು ಡೆಲ್ಫೀನ್.
ಐದು ಗಿಡಕ್ಕೆ ಒಂದು, ಕುಳಿಗೆ ಚಿಟಿಕೆ ಹೊಗೆಸೊಪ್ಪು.
ಹುಲ್ಲು ಕತ್ತರಿಸುವ ಯಂತ್ರ ಹತ್ತಿರ ಬಂತು, ನಿಂತಿತು.
ಮುದುಕ ಆರ್ವಿಡ್. ಪ್ರತಿವರ್ಷ ಗದರುವವನು:
ಇದು ನಮ್ಮ ಹಿರಿಯರ ಜಾಗ, ಅಗೆಯಬೇಡ.
(ಹೌದು, ಹಿರಿಯರದೇ. ಯಾರ ಹಿರಿಯರು ಎಂಬುದು
ಎಷ್ಟು ಆಳ ಅಗೆದೆ ಎಂಬುದರ ಮೇಲೆ.)

ಈ ಸಲ ಗದರಲಿಲ್ಲ. ಕೆನ್ನೆ ಊದಿತ್ತು,
ಕರ್ಚೀಫು ಒತ್ತಿ ಹಿಡಿದಿದ್ದ.
ದಂತವೈದ್ಯ ನಲವತ್ತು ಮೈಲಿ ದೂರ, ಅದೂ ಗುರುವಾರ.
ನಾನು ಬೇರಿನ ಮಣ್ಣು ಜೀನ್ಸಿಗೆ ಒರೆಸಿ
ಚೂರು ಮುರಿದು ಚಾಚಿದೆ.
ನುಂಗಬೇಡ, ಅಗಿ.

ಅಗಿದ. ಜೊಲ್ಲು ಸುರಿಯಿತು ಗಡ್ಡದ ಮೇಲೆ.
ಇರುವೆ ಹರಿದಂತೆ, ಆಮೇಲೆ ಏನೂ ಇಲ್ಲದಂತೆ,
ನಾಲಿಗೆಗೆ ಜೋಮು.
ಏನೋ ಹೇಳಹೊರಟ, ಅದು
ಬರೀ ಸದ್ದಾಗಿ ಹೊರಬಿತ್ತು.
ಗಾಬರಿಯಿಂದ ನನ್ನನ್ನೇ ನೋಡಿದ.

ಗೊತ್ತು, ಅಂದೆ.
ಬಾಯಿದ್ದೂ ಮಾತು ಏಳದ ಗಳಿಗೆ ನಮಗೆ ಗೊತ್ತು.
ಅಜ್ಜಿಗೆ ಶಾಲೆಯಲ್ಲಿ ಒಂದೊಂದು ಪದಕ್ಕೂ
ಒಂದೊಂದು ಸಲ ಸೋಪು ತಿನ್ನಿಸಿದ್ದರು.
ಇದನ್ನು ಮಾತ್ರ ಅನ್ನಲಿಲ್ಲ.
ನಿನಗೆ ಅರ್ಧ ಗಂಟೆಯಲ್ಲಿ ಸರಿಹೋಗುತ್ತೆ, ಅಂದೆ.

ಯಂತ್ರ ಮತ್ತೆ ಗುರುಗುಟ್ಟಿತು.
ಹೂಗಳನ್ನು ಬಳಸಿ ಹೋಯಿತೋ, ಬೀಸಿಕೊಂಡೇ ಹೋಯಿತೋ,
ತಿರುಗಿ ನೋಡಲಿಲ್ಲ.

ಕಾರಿನಲ್ಲಿ ನಾನೂ ಒಂದು ಚೂರು ದವಡೆಗಿಟ್ಟುಕೊಂಡೆ,
ನೋವೇನೂ ಇರಲಿಲ್ಲ, ಸುಮ್ಮನೆ.
ಡೆಲ್ಫೀನ್ ದಂಟು ತಿರುಗಿಸುತ್ತ ಕೇಳಿದಳು,
ಇದರ ನಿಜವಾದ ಹೆಸರೇನು?
ಹೇಳಿದೆ, ಜೋಮು ಹಿಡಿದ ನಾಲಿಗೆಯಲ್ಲಿ.
ಮಗು ಹಾಗೆಯೇ ಕಲಿತಿತು,
ತೊದಲಿನ ಸಮೇತ.