ಗುರುತು ಹಿಡಿಯುವ ಆಟ

ಟಿಕೆಟ್ಟು ಮೂರು. ದೊಡ್ಡವರು ಇಬ್ಬರು, ಸಣ್ಣಾಕೆ ಒಬ್ಬಳು.
ಅವ್ವ ಗೇಟಿನಲ್ಲೇ ನಿಂತು ಕೇಳಿದಳು:
"ಇದರಾಗ ಹೋಗಾಕ ರೊಕ್ಕ ಕೊಡಬೇಕೇನ?"

ರವಿವಾರ, ಎಂಟೂವರೆ. ಮುಕ್ಕಾಲು ಗಂಟೆಯ ನಡಿಗೆ,
ಮಕ್ಕಳಿಗೂ ಆದೀತು, ಮೊಣಕಾಲು ನೋವಿನವರಿಗೂ ಆದೀತು ಎಂದು
ಸಾಯನ್‌ನ ನಮ್ಮ ಚಾಳಿನ ಮೆಟ್ಟಿಲಲ್ಲಿ ಯಾರೋ ಹೇಳಿದ್ದರು.
ಕೇತಕಿ ಪೆಡ್ಣೇಕರ್ ಎಂಬ ಹುಡುಗಿ, ಕೊರಳಲ್ಲಿ ಸೀಟಿ,
ಅರ್ಧ ಮರಾಠಿ ಅರ್ಧ ಹಿಂದಿಯಲ್ಲಿ
ಹನ್ನೊಂದು ಮಕ್ಕಳನ್ನು ಸಾಲು ಹಚ್ಚಿದಳು.
ಒಂದು ನನ್ನದು, ವಾರಿಜಾ. ಒಂಬತ್ತು ತುಂಬಿದೆ,
ಬೂಟಿನ ಲೇಸು ಯಾವಾಗಲೂ ಬಿಚ್ಚಿದ್ದೇ.

ಮೊದಲ ಫಲಕ ಹೊಂಗೆ. ಎರಡನೆಯದು ಹೊಳೆಮತ್ತಿ,
ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ.
ಮೂರನೆಯ ಫಲಕದಲ್ಲಿ ಹೆಸರಿತ್ತು, ಮರವಿರಲಿಲ್ಲ.
"ಹೋದ ಮಳೆಗಾಲ ಬಿತ್ತು," ಅಂದಳು ಕೇತಕಿ,
"ಫಲಕ ತೆಗೆಯೋಕೆ ಅರ್ಜಿ ಹಾಕಿದೀವಿ."

ಎಲೆಗೊಬ್ಬರದ ಗುಂಡಿ. ಬೆಚ್ಚನೆ ಹಬೆ.
ಮಕ್ಕಳು ಮೂಗು ಮುಚ್ಚಿಕೊಂಡರು. ಅವ್ವ ಮಾತ್ರ
ಬಗ್ಗಿ ಮೂಸಿ, "ಇದೂ ಒಂದು ವಾಸನೀನs?" ಅಂದಳು.

"ನೀವು ನಿಂತಿರುವ ಈ ಜಾಗ," ಕೇತಕಿ ದನಿ ಇಳಿಸಿದಳು
ದೆವ್ವದ ಕಥೆ ಹೇಳುವವಳ ಹಾಗೆ,
"ಒಂದು ಕಾಲಕ್ಕೆ ಬರೀ ಕಸ. ಲಾರಿ ಲಾರಿ ಕಸ.
ಇಲ್ಲಿಗೆ ಯಾರೂ ಬರುತ್ತಿರಲಿಲ್ಲ."
ಅವ್ವ ನನ್ನ ಕಡೆ ನೋಡಿದಳು.
ನಾನು ನೀರಿನ ಬಾಟಲಿಯ ಮುಚ್ಚಳ ತಿರುವಿದೆ.

ಯಾರೂ ಬರುತ್ತಿರಲಿಲ್ಲ.
ಧಾರಾವಿಯಿಂದ ನೀರಿನ ಪೈಪಿನ ಮೇಲೆ ನಡೆದು,
ಲಂಗ ಎತ್ತಿ ಕಟ್ಟಿ, ಹೆಗಲಿಗೆ ಗೋಣಿ ಹಾಕಿಕೊಂಡು,
ಸೇಡಂ ಕಡೆಯ ಹನ್ನೆರಡು ಮನೆಯ ಹುಡುಗಿಯರು,
ಹದ್ದುಗಳಿಗಿಂತ ಮುಂಚೆ ಲಾರಿ ಮುಟ್ಟಬೇಕಾದವರು.
ಅವ್ವ ಇದನ್ನು ನನಗೆ ಹೇಳಿದ್ದು ಒಂದೇ ಸಲ,
ಅದೂ ಕರೆಂಟು ಹೋದ ರಾತ್ರಿ.

ಮುಂದೆ ಒಂದಷ್ಟು ಸುಬಾಬುಲ್, ಸೊಂಟಕ್ಕೆ ಕೆಂಪು ಪಟ್ಟಿ.
"ಇವನ್ನು ಕಡಿಯುತ್ತೇವೆ."
ಯಾಕೆ, ಅಂದಳು ವಾರಿಜಾ.
"ಮೊದಲು ಬಂದವು ಇವೇ. ಆ ಕಸದಲ್ಲಿ ಬೇರೇನೂ ಹಿಡಿಯದಾಗ
ಇವು ಹಿಡಿದವು, ನೆಲ ಮಾಡಿದವು.
ಈಗ ಉಳಿದವಕ್ಕೆ ಬಿಸಿಲು ಬೇಕಲ್ಲ?
ಕಾಡು ತಾನಾಗೇ ಆಗೋದಿಲ್ಲ, ನೋಡ್ಕೋಬೇಕು."
ಅವ್ವನಿಗೆ ನಾನು ಕನ್ನಡ ಮಾಡಿ ಹೇಳಿದೆ. ಬೇಕಿರಲಿಲ್ಲ,
ಆಕೆಯ ಮರಾಠಿ ನನ್ನದಕ್ಕಿಂತ ಹಳೆಯದು.
ಕೆಂಪು ಪಟ್ಟಿಯ ಮೇಲೆ ಅಂಗೈ ಇಟ್ಟಳು.
ಬಣ್ಣ ಒಣಗಿತ್ತು. "ಇರ್ಲಿ," ಅಂದಳು, ಯಾರಿಗೋ.

ಆಮೇಲೆ ಆಟ. ಕಣ್ಣಿಗೆ ಕರವಸ್ತ್ರ ಕಟ್ಟಿ
ಒಂದು ಮರ ಮುಟ್ಟಿಸುತ್ತಾರೆ, ಮೂರು ಸುತ್ತು ತಿರುಗಿಸುತ್ತಾರೆ,
ಬರಿಗೈಯಲ್ಲಿ ನಿನ್ನ ಮರ ನೀನೇ ಹುಡುಕಬೇಕು.
ವಾರಿಜಾ ಹೋಗಿ ಕಸದ ಡಬ್ಬಿ ತಬ್ಬಿದಳು.
ನಕ್ಕು ಸಾಕಾದ ಮೇಲೆ ಅವ್ವ ಅಂದಳು,
"ನನಗೂ ಕಟ್ಟ."

ಮೊದಲ ಮರ ಸವರಿ ಬಿಟ್ಟಳು.
ಎರಡನೆಯದನ್ನು ಉಗುರಿನಿಂದ ತಟ್ಟಿ ಬಿಟ್ಟಳು.
ಮೂರನೆಯದಕ್ಕೆ ನಿಂತಳು. ಅದೇ.
"ಆಜಿ! ಹೇಗೆ?"
"ಕತ್ತಲಾದ ಮ್ಯಾಲ ತಾಮ್ರ ಯಾವುದು ಕಬ್ಬಿಣ ಯಾವುದು
ಕೈಗೇ ತಿಳೀಬೇಕಿತ್ತು, ತಾಯಿ.
ಇಲ್ಲೇ. ನಿಮ್ಮ ಚಿಟ್ಟಿ ತ್ವಾಟ ಐತಲ್ಲ, ಅಲ್ಲಿ."

ಸೀಟಿ ಕೇತಕಿಯ ಬಾಯಲ್ಲೇ ಉಳಿಯಿತು.
ಮಿಠಿ ನದಿಯ ಆಚೆ ಗಾಜಿನ ಕಟ್ಟಡಗಳು.
ಒಂದು ಲೋಕಲ್ ಹೋಯಿತು, ಇನ್ನೊಂದು ಬಂತು.

ಕಾಡಿನಿಂದ ಏನನ್ನೂ ಒಯ್ಯಬಾರದು ಎಂದು ಗೇಟಿನಲ್ಲಿ ಬರೆದಿದೆ.
ವಾರಿಜಾ ಜೇಬು ಬರಿದು ಮಾಡಿದಳು:
ನಾಲ್ಕು ಬೀಜ, ಒಂದು ಗರಿ, ಶಂಖದ ಹುಳುವಿನ ಚಿಪ್ಪು.
ಅವ್ವ ಸೆರಗಿನ ಗಂಟು ಬಿಚ್ಚಿದಳು.
ಹೆಬ್ಬೆರಳಷ್ಟು ಹಸಿರು ಗಾಜು, ಅಂಚು ಸವೆದದ್ದು,
ಹೊಂಗೆಯ ಬೇರಿನ ಸಂದಿಯಲ್ಲಿ ಸಿಕ್ಕಿತಂತೆ.
ಕೇತಕಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.
ಅವಳ ಯಾವ ಪಟ್ಟಿಯಲ್ಲೂ ಅದಿರಲಿಲ್ಲ.
ವಾಪಸು ಕೊಟ್ಟಳು, ಎರಡೂ ಕೈಯಲ್ಲಿ.

ಬಸ್ಸಿನಲ್ಲಿ ಕಿಟಕಿಗೆ ಗಾಜು ಹಿಡಿದು ವಾರಿಜಾ ಕೇಳಿದಳು,
"ಅಜ್ಜಿ, ಆಗ ಇದಕ್ಕೆ ಎಷ್ಟು ಸಿಗ್ತಿತ್ತು?"
"ಹಸರದ್ದು ಅಗ್ಗ," ಅಂದಳು ಅವ್ವ.
"ಬಿಳೀದಕ್ಕs ರೇಟು."