ಐದನೆಯ ಭಾಗ

ಗುರುವಾರ ಸಂಜೆ ಆರೂವರೆಗೆ
ಗ್ದಿನಿಯಾ ಬಂದರಿನ ಹಿಂದಿನ ಓಣಿಯಲ್ಲಿ
ಗ್ರಾಝಿನಾಳ ಹೊಲಿಗೆಯಂಗಡಿ ಬಾಗಿಲೆಳೆದ ಮೇಲೆ
ನಾವು ನಾಲ್ವರು ಬಾಹ್ಯಾಕಾಶಕ್ಕೆ ಹೊರಡುತ್ತೇವೆ.

ಸಾಮಾನು ಹೆಚ್ಚಿಲ್ಲ: ಗಸಗಸೆಯ ಕೇಕು, ಗಾಜಿನ ಲೋಟದಲ್ಲಿ ಚಹಾ,
ವಿತೊಲ್ಡ್ ಮರೆತು ಬಂದಾನೆಂದು ಇನ್ನೊಂದು ಜೊತೆ ಚಾಳೀಸು,
ಮತ್ತು 'ಕೊಕ್ಕರೆ'ಯ ಭಾಗಗಳು,
ಬೆನ್ನಿನ ಅಂಟು ಬಿಟ್ಟು ಹಾಳೆ ಹಾಳೆಯೂ ಬೇರೆ.
ಇಸ್ಪೀಟಿನ ಹಾಗೆ ಕಲಸಿಹೋಗದಿರಲೆಂದು
ಲೆಶೆಕ್ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಾನೆ.

ಕೊಕ್ಕರೆ ಅಂದರೆ ನೌಕೆ. ಇನ್ನೂರು ವರ್ಷದ ಪ್ರಯಾಣ.
ಹೊರಟವರು ಸತ್ತಿದ್ದಾರೆ, ತಲುಪುವವರು ಹುಟ್ಟಿಲ್ಲ,
ನಡುದಾರಿಯಲ್ಲಿ ಹುಟ್ಟಿದ ಹದಿನಾರು ಮಕ್ಕಳು.
ಅವರಲ್ಲಿ ಇಂಜಿನ್ನಿನ ಹುಡುಗ ಓಲೆಕ್:
ಉಗುರಲ್ಲಿ ಸದಾ ಗ್ರೀಸು, ಬಾಯಿ ತೆರೆದರೆ ಉಗ್ಗು.
ನನಗೂ ಆಗ ಉಗ್ಗಿತ್ತು.
ಒಬ್ಬನನ್ನು ಅಣ್ಣ ಅನ್ನುವುದಕ್ಕೆ ಇಷ್ಟು ಸಾಕು ತಾನೆ?

ಹದಿಮೂರರಲ್ಲಿ ನಾವು ಹಲ್ಲು ಕಡಿದು ದ್ವೇಷಿಸಿದ ಕಪ್ತಾನ
ಮೂರನೆಯ ಭಾಗದುದ್ದಕ್ಕೂ ಕೂಗುತ್ತಾನೆ: ದೀಪ ಆರಿಸಿ, ದೀಪ ಆರಿಸಿ.
ಮೊನ್ನೆ ಅದನ್ನು ಓದುವಾಗ ವಿತೊಲ್ಡ್ ಕೆಮ್ಮಿದ,
'ಅವನು ಹೇಳೋದು ಸರಿಯಾಗೇ ಇದೆಯಲ್ಲ!'
ಗ್ರಾಝಿನಾ ದಾರದುಂಡೆ ಎಸೆದಳು.
ಲೆಕ್ಕ ಹಾಕಿದರೆ ಕಪ್ತಾನನಿಗಿನ್ನೂ ನಲವತ್ತೊಂದು.
ನಮಗೆಲ್ಲ ಐವತ್ತು ದಾಟಿ ಎಷ್ಟೋ ನಿಲ್ದಾಣ ಕಳೆದಿದೆ.

ಐದನೆಯ ಭಾಗ ನಮ್ಮೂರಿಗೆ ಬರಲೇ ಇಲ್ಲ.
ಸಕ್ಕರೆಗೆ ಚೀಟಿ, ಬೂಟಿಗೆ ಚೀಟಿ,
ಕಾಗದಕ್ಕೆ ಚೀಟಿಯೂ ಇಲ್ಲದ ಚಳಿಗಾಲ.
ಕಾದೂ ಕಾದೂ ಗ್ರಾಝಿನಾ ತಾನೇ ಬರೆದಳು,
ಗಣಿತದ ಚೌಕುಳಿ ಹಾಳೆಯ ಮೇಲೆ, ಕಾರ್ಬನ್ನಿಟ್ಟು.
ನಾಲ್ಕು ಪ್ರತಿ. ನಾಲ್ಕನೆಯದು ಮಸುಕು. ಅದು ನನ್ನ ಪಾಲು.
ಅದರಲ್ಲಿ ಓಲೆಕ್ ಸಾಯುತ್ತಾನೆ.
ನೌಕೆಯ ಹೊರಮೈಗೆ ಇಳಿದು, ಬಿಚ್ಚಿದ ಕೊಂಡಿ ಮತ್ತೆ ಸಿಕ್ಕಿಸಿ,
ತಾನು ಕೈತಪ್ಪಿ,
ಕತ್ತಲಲ್ಲಿ ಒಂದು ಚುಕ್ಕಿ, ಅರ್ಧ ಚುಕ್ಕಿ,
ಆಮೇಲೆ ನನ್ನ ಪ್ರತಿಯಲ್ಲಿ ಕಾರ್ಬನ್ನೂ ಹತ್ತಿರಲಿಲ್ಲ.
ಮೂರು ದಿನ ಊಟ ಬಿಟ್ಟೆ.
ಅಮ್ಮ ಜ್ವರವೆಂದು ಲಿಂಡೆನ್ ಹೂವಿನ ಕಷಾಯ ಕುಡಿಸಿದಳು.

ಆರನೆಯ ಭಾಗ ಮಾತ್ರ ಹೇಗೋ ಬಂತು.
ಅದರಲ್ಲಿ ಓಲೆಕ್ ಸ್ಪ್ಯಾನರ್ ತಿರುಗಿಸುತ್ತ ಶಿಳ್ಳೆ ಹಾಕುತ್ತಿದ್ದ.
'ಅವಳಿ ತಮ್ಮ ಇರಬೇಕು' ಅಂದಳು ಗ್ರಾಝಿನಾ, ರೆಪ್ಪೆ ಬಡಿಯದೆ.
ನಂಬಿದೆವು. ನಂಬದೆ ಏನು ಮಾಡುವುದು?

ಈಗ ನೋಡಿ, ಹಳೆಸಾಮಾನಿನ ಸಂತೆಯಲ್ಲಿ
ತುಕ್ಕು ಹಿಡಿದ ಇಸ್ತ್ರಿಪೆಟ್ಟಿಗೆಯ ಕೆಳಗೆ
ಲೆಶೆಕ್‌ಗೆ ಸಿಕ್ಕಿತು, ಅಚ್ಚಾದ ಐದನೆಯ ಭಾಗ.
ನಮ್ಮ ಕಣ್ಣು ನೆಚ್ಚದೆ ಅವನ ಮಗಳು ಕಾಯಾಳನ್ನು ಕರೆದು ಓದಿಸಿದೆವು.
ಹದಿನಾಲ್ಕು ಅವಳಿಗೆ. ಒಂದೇ ಉಸಿರಿಗೆ ಓದುತ್ತಾಳೆ.
ಓಲೆಕ್ ಹೊರಮೈಗೆ ಇಳಿಯುವುದೇ ಇಲ್ಲ.
ಏಣಿಯಿಂದ ಜಾರುತ್ತಾನೆ. ಹಿಮ್ಮಡಿ ಉಳುಕುತ್ತದೆ.
ಯಾರೋ ಪಟ್ಟಿ ಕಟ್ಟುತ್ತಾರೆ, ಬೀಟ್‌ರೂಟಿನ ಸೂಪು ಕೊಡುತ್ತಾರೆ.
'ಅಷ್ಟೇನಾ?' ಅಂದಳು ಕಾಯಾ.

ಗ್ರಾಝಿನಾ ಅಯಸ್ಕಾಂತ ಹಿಡಿದು ನೆಲದ ಗುಂಡುಪಿನ್ನು ಆಯುತ್ತಿದ್ದಳು.
'ಆ ಚಳಿಗಾಲ ನಮ್ಮಣ್ಣನ ದೋಣಿ...' ಅಂದು
ಒಂದು ಪಿನ್ನು ತೆಗೆದಳು, ಇನ್ನೊಂದು ತೆಗೆದಳು.
ನಲವತ್ತು ವರ್ಷ ನಾವು ಕೇಳಿರಲೇ ಇಲ್ಲ.
ಕೇಕು ತುಂಬ ಉಳಿಯಿತು ಅಂದು.

ಕೊನೆಯ ಪಾಳಿ ನನ್ನದು, ಟ್ರಾಲಿಬಸ್ಸು.
ಏರುದಾರಿಯಲ್ಲಿ ತಂತಿಗೆ ಮಂಜು ಕಟ್ಟಿ ಕೋಲು ಜಾರಿತು.
ದೀಪವೆಲ್ಲ ಆರಿದವು.
ಒಳಗೆ ಹನ್ನೊಂದು ಜನ, ಒಬ್ಬರೂ ಉಸಿರೆತ್ತಲಿಲ್ಲ.
ಕೈಗವಸು ತೊಟ್ಟು ಇಳಿದೆ. ಹಿಂದೆ ಹೋಗಿ ಹಗ್ಗ ಹಿಡಿದು
ಕತ್ತಲಲ್ಲಿ ತಂತಿ ತಡಕಿದೆ.
ಒಂದು ಸಲ ತಪ್ಪಿತು. ಎರಡನೆಯ ಸಲ
ನೀಲಿ ಕಿಡಿ.
ಕಿಟಕಿಯಾಚೆ ಹನ್ನೊಂದು ಮುಖ ಬೆಳಗಿದವು.

ತಿರುಗುವಾಗ ಹಿಮದ ಮೇಲೆ ಕಾಲು ಜಾರಿತು. ಬೀಳಲಿಲ್ಲ.
ಹಿಮ್ಮಡಿ ಸ್ವಲ್ಪ ಉಳುಕಿತು,
ಅಷ್ಟೆ.