ಕೆಳಗೆ ಹಾಸಿದ ಪೇಪರು

ಸದಾಶಿವಗಡದ ಒಂದು ಹಿತ್ತಲಲ್ಲಿ
ಹರಿದ ಬಲೆ ಹೊದ್ದು ಕೂತಿತ್ತು.
ಎರಡೇ ಸೀಟು. ಒಂದರಲ್ಲಿ ಕೋಳಿ ಕಾವಿಗೆ ಕೂತಿತ್ತು.
"ಅದು ಏಳೂವರಿಗೆ ಗಾಡಿ ಕೊಡೂಕಾಗೂದಿಲ್ಲ,"
ಅಂದ ಬಾಬುಸೊ ರಾಣೆ. "ಇನ್ನೂ ಎಂಟು ದಿವ್ಸ."

ಎಂಟು ದಿನ ಕಾದೆ.

ಗೋವೆಯಲ್ಲಿ ಕಟ್ಟಿದ ಗಾಡಿ, ಫೈಬರಿನ ಮೈ,
ತಲೆಯ ಮೇಲೆ ಮಡಚುವ ಬಟ್ಟೆ, ಅದೂ ಈಗ ಚಿಂದಿ.
ಇಟ್ಟ ಹೆಸರು ಬಿರುಗಾಳಿಯದು,
ಕೀಲಿ ತಿರುವಿದರೆ ಕೆಮ್ಮು ಮಾತ್ರ
ನಮ್ಮ ಆಸ್ಪತ್ರೆಯ ಗಂಡಸರ ವಾರ್ಡಿನದು.
ಅರವತ್ತೆಂಟು ಸಾವಿರ ಅಂದ, ಐವತ್ತು ಅಂದೆ,
ಕೋಳಿಯನ್ನೂ ಏಳು ಮರಿಗಳನ್ನೂ ಬುಟ್ಟಿಗೆ ಇಳಿಸಿಕೊಂಡು
ಅರವತ್ತಕ್ಕೆ ಬಂದ.
ಬಳೆ ಮಾಡಿಸಲೆಂದು ಎತ್ತಿದ ಚೀಟಿಯ ದುಡ್ಡು.
ಬರಿಗೈ ನೋಡಿಕೊಂಡೆ.
ಸ್ಟೀರಿಂಗು ಹಿಡಿಯಲು ಅಷ್ಟೇ ಬೇಕಾದ್ದು.

ಹಳೆ ಸೇತುವೆ ಕಾಳಿಯ ಪಾಲಾಗಿ ಹೋಗಿತ್ತು.
ಉಳಿದೊಂದರ ಮೇಲೆ ಟೆಂಪೋ ಎಳೆದ ಹಗ್ಗಕ್ಕೆ ಬಿದ್ದು
ಆಮೆಯ ಹಾಗೆ ಬಂದೆವು ಕೋಡಿಬಾಗಕ್ಕೆ, ಅದೂ ನಾನೂ.
ಹಿಂದಿನ ಬಸ್ಸು ಹಾರ್ನು ಹೊಡೆಯಿತು.
ಹೊಡೆಯಲಿ.
ಇಪ್ಪತ್ತೆರಡು ವರ್ಷ ಅದರಲ್ಲೇ ನಿಂತು ಬಂದವಳು ನಾನು,
ಅದರ ಅವಸರ ನನಗೆ ಗೊತ್ತು.

ಕಾಯ್ತಾನ ಬಾನೆಟ್ಟು ಎತ್ತಿದ, ಶಿಲುಬೆ ಗುರುತು ಮಾಡಿದ:
"ಇಂಜಿನ್ನು ಫ್ರಾನ್ಸಿನ ಜಾತಿದು ಬಾಯೆ,
ನಂಗೆ ಬರೂದು ಮಾರುತಿ."
"ರಕ್ತ ಯಾರದಾದರೇನು, ಸೂಜಿ ಚುಚ್ಚುವುದು ಒಂದೇ ತರ," ಅಂದೆ.
ನಕ್ಕ. ಸ್ಪ್ಯಾನರು ತೆಗೆದ.
ಪಂಪು ಒಂದು ಆಟೋದ್ದು ಕೂತಿತು,
ಹೋಸು ದೋಣಿಯ ಇಂಜಿನ್ನಿನದು,
ಒಂದು ಬೋಲ್ಟು ಯಾವುದರದ್ದೆಂದು ಅವನೂ ಹೇಳಲಿಲ್ಲ.

ಒಡೆದ ಮೂತಿಗೆ ಮಾತ್ರ ತಗಡಿನವ ಆಗೂದಿಲ್ಲ,
ದೋಣಿಯವನೇ ಬೇಕು ಅಂದ.
ಜೂನು. ಮೀನುಗಾರಿಕೆ ಬಂದು. ಬೈತಖೋಲದಲ್ಲಿ
ಟ್ರಾಲರುಗಳೆಲ್ಲ ಮೈಗೆ ಮೈ ತಾಗಿಸಿ ನಿಂತಿದ್ದವು.
ಪುರ್ಸೊ ಹರಿಕಂತ್ರ ಬಂದ, ಮಾತಿಲ್ಲ,
ಬೆರಳ ಗೆಣ್ಣಿನಿಂದ ಗಾಡಿಯ ಪಕ್ಕೆ ತಟ್ಟುತ್ತ ಸುತ್ತು ಹೊಡೆದ,
ಹಲಸು ನೋಡಿದ ಹಾಗೆ, ಕಿವಿಯಿಟ್ಟು.
"ಇಲ್ಲಿ ಪೊಳ್ಳು. ಇಲ್ಲೂ."
ದೋಣಿಗೆ ಹಾಕುವುದೇ ಚಾಪೆ, ದೋಣಿಗೆ ಹಚ್ಚುವುದೇ ರೆಸಿನ್ನು,
ನನ್ನ ಶೆಡ್ಡು ತುಂಬ ತಲೆ ತಿರುಗಿಸುವ ವಾಸನೆ.
ಮಳೆಗೆ ಒಣಗಲೊಲ್ಲದು. ಎರಡು ದೊಡ್ಡ ಬಲ್ಬು ಇಳಿಬಿಟ್ಟ
ಹತ್ತಿರ, ಇನ್ನೂ ಹತ್ತಿರ.
ಈ ಗಾಡಿಗೆ ಕಾವು ಹೊಸದಲ್ಲ ಅಂದುಕೊಂಡೆ.

ಬಣ್ಣ? ಅಣ್ಣನ ದೋಣಿಗೆ ಬಳಿದು ಉಳಿದ ನೀಲಿ.
ಬಾನೆಟ್ಟಿಗೆ ಬರುವಷ್ಟರಲ್ಲಿ ಆಗಸ್ಟು ಒಂದು,
ರಾತ್ರಿಯೇ ಹೊರಟುಹೋದ. "ಬಂದು ಮಾಡ್ತೆ."
ಬಂಗಡೆ ಬಂತು, ಅವನು ಬರಲಿಲ್ಲ.
ಮೂತಿ ಬೂದಿ, ಮೈ ನೀಲಿ, ಹಾಗೇ ಇದೆ.

ಒಂದು ರಾತ್ರಿ ಡ್ಯೂಟಿ ಮುಗಿಸಿ ಬಿಣಗಾ ಕಡೆ ತಿರುಗಿಸಿದೆ.
ಸುರಂಗದೊಳಗೆ ಮೊದಲ ಸಲ ನಾಲ್ಕನೇ ಗೇರು.
ಸೂರಿಲ್ಲದ ಗಾಡಿಗೆ ಗುಡ್ಡವೇ ಸೂರು,
ಸದ್ದು ಹೋಗಿ ಗೋಡೆಗೆ ಬಡಿದು ತಿರುಗಿ ನನ್ನ ಎದೆಗೇ ಬಂತು.
ಕೂಗಿದೆ. ಯಾರ ಹೆಸರೂ ಅಲ್ಲ, ಬರೀ ಆ.
ಹೊರಗೆ, ಬಲಕ್ಕೆ, ಕತ್ತಲಲ್ಲಿ ಕಡಲು.
ಅರ್ಗಾದ ನೌಕಾನೆಲೆಯ ಗೇಟಿನ ಮುಂದೆಯೇ ನಿಂತುಬಿಟ್ಟಿತು.
ಬಂದೂಕಿನ ಹುಡುಗ ಟಾರ್ಚು ಬಿಟ್ಟು ನೋಡಿದ,
ನನ್ನನ್ನು, ಗಾಡಿಯನ್ನು, ಮತ್ತೆ ನನ್ನನ್ನು.
ಕೊನೆಗೆ ಅವನೇ ನೂಕಿದ.

ಈಗ ಬೆಳಿಗ್ಗೆ ಎದ್ದವಳು ಮೊದಲು ನೋಡುವುದು
ಗಾಡಿಯ ಕೆಳಗೆ ಹಾಸಿದ ಪೇಪರು.
ಪೇಟೆಯ ಸುದ್ದಿಯ ಮೇಲೆ ರಾತ್ರಿ ಬಿದ್ದ ತೊಟ್ಟು:
ಕಪ್ಪು ಹನ್ನೊಂದು, ನಿನ್ನೆಗಿಂತ ಎರಡು ಕಡಿಮೆ.
ಹಸಿರು ಒಂದು. ಹೊಸತು.
ಬೆರಳಿಗೆ ಹಚ್ಚಿ, ಉಜ್ಜಿ, ಮೂಸಿ, ವಹಿಯಲ್ಲಿ ಬರೆಯುತ್ತೇನೆ.
ಹೊಟ್ಟೆಪಾಡಿಗೆ ಮಾಡುವುದೂ ಇದನ್ನೇ.

"ಪೂರ್ತಿ ಆಯ್ತಾ?" ಪಕ್ಕದ ಮನೆಯ ಶೇವಂತಿ.
ಇಲ್ಲ. ಬಾ, ಕೂರು.
ಆ ಬದಿಯ ಬಾಗಿಲು ತೆರೆಯುವುದಿಲ್ಲ,
ಹೊಡಿ ಹತ್ತಿದ ಹಾಗೆ ಹತ್ತು.
ಸೀರೆ ಎತ್ತಿ ಕಟ್ಟಿ, ಕಾಲು ದಾಟಿಸಿ, ಧಪ್ಪೆಂದು ಕೂತಳು.
ಸೀಟಿನ ಸಂದಿಯಿಂದ ಕಂದು ಪುಕ್ಕವೊಂದನ್ನು ಎಳೆದು
ಬೆಳಕಿಗೆ ಹಿಡಿದು ಕೇಳಿದಳು,
"ಇದು ಯಾವ ಪಾರ್ಟೇ?"